ಗೋಣಿಕೊಪ್ಪದ ಮೇಲಿನ ಸಾವಿರ ಅಡಿ

ಕೊಡಗಿನಲ್ಲಿ ವಿಮಾನ ನಿಲ್ದಾಣವಿಲ್ಲ. ವಿರಾಜಪೇಟೆಯವರು ಮಾಕುಟ್ಟ ಘಾಟಿ ಇಳಿದು ಕಣ್ಣೂರಿಗೆ ಹೋಗಬೇಕು. ಆದರೆ ತಲೆಯ ಮೇಲೆ ಆಕಾಶವೇನೂ ಖಾಲಿಯಿಲ್ಲ. ಬೆಂಗಳೂರಿನಿಂದ ಕಣ್ಣೂರಿಗೆ ನಕ್ಷೆಯಲ್ಲಿ ಗೆರೆ ಎಳೆದರೆ ಅದು ಗೋಣಿಕೊಪ್ಪ–ಪೊನ್ನಂಪೇಟೆ ಸೀಮೆಯ ಮೇಲೇ ಹಾಯುತ್ತದೆ. ಕಾಫಿ ಕಣದಲ್ಲಿ ನಿಂತು ನೋಡುವವರಿಗೆ ಎರಡು ವಿಮಾನಗಳು ಡಿಕ್ಕಿ ಹೊಡೆದೇಬಿಟ್ಟವು ಅನಿಸಬಹುದು. ಹಾಗೆ ಒಂದರ ಮೇಲೊಂದು ದಾಟುವಾಗ ನಡುವೆ ಕನಿಷ್ಠ ಸಾವಿರ ಅಡಿ ಅಂತರವಿರುತ್ತದೆ.

ಏರ್ಪಾಡು ಸರಳ. ಪೂರ್ವದ ಕಡೆ ಹೋಗುವವು 31, 33, 35 ಹೀಗೆ ಬೆಸ ಸಾವಿರ ಅಡಿಗಳಲ್ಲಿ, ಪಶ್ಚಿಮದ ಕಡೆಯವು ಸಮ ಸಾವಿರಗಳಲ್ಲಿ. 29,000 ಅಡಿಯ ಮೇಲೆ ಮೊದಲು 2,000 ಅಡಿ ಅಂತರ ಬೇಕಿತ್ತು. ಎತ್ತರ ಅಳೆಯುವ ಆಲ್ಟಿಮೀಟರ್ ನಿಜವಾಗಿ ಅಳೆಯುವುದು ಗಾಳಿಯ ಒತ್ತಡವನ್ನು. ಮೇಲೆ ಗಾಳಿ ತೆಳುವಾದಷ್ಟೂ ಅದರ ತಪ್ಪು ಹೆಚ್ಚು. ಉಪಕರಣಗಳು ಸುಧಾರಿಸಿದ ಮೇಲೆ, 2003ರ ಕೊನೆಯಲ್ಲಿ, ಭಾರತದಲ್ಲೂ 41,000 ಅಡಿಯವರೆಗೆ ಸಾವಿರ ಅಡಿ ಸಾಕೆಂದಾಯಿತು.

ಮೇಲೆ ಹಾರುವಾಗ ಎಲ್ಲರೂ ಆಲ್ಟಿಮೀಟರನ್ನು 1013.25 ಹೆಕ್ಟೊಪಾಸ್ಕಲ್ ಎಂಬ ಒಂದೇ ಪ್ರಮಾಣಿತ ಒತ್ತಡಕ್ಕೆ ಇಡುತ್ತಾರೆ. ಇಳಿಯುವಾಗ ನೆಲದಿಂದ ವಿಮಾನ ಸಂಚಾರ ನಿಯಂತ್ರಿಸುವ ಕಂಟ್ರೋಲರ್ ಹೇಳುವ ಸ್ಥಳೀಯ ಒತ್ತಡಕ್ಕೆ ತಿರುಗಿಸಬೇಕು. ಮುಂಗಾರಿನಲ್ಲಿ ಒತ್ತಡ 1003ಕ್ಕೆ ಕುಸಿದಿದ್ದಾಗ ಪೈಲಟ್ ಹಾಗೆ ತಿರುಗಿಸಲು ಮರೆತರೆ, ಆಲ್ಟಿಮೀಟರ್ ಸುಮಾರು 280 ಅಡಿ ಹೆಚ್ಚು ತೋರಿಸುತ್ತದೆ, ಅಂದರೆ ವಿಮಾನ ಅಷ್ಟು ಕೆಳಗಿರುತ್ತದೆ. 1,748 ಮೀಟರ್‌ನ ತಡಿಯಂಡಮೋಳ್ ಮೋಡದೊಳಗೆ ಅಡಗಿರುವ ಊರಿನಲ್ಲಿ ಇದು ಸಣ್ಣ ಲೆಕ್ಕವಲ್ಲ. ಅದಕ್ಕೇ ಒತ್ತಡ, ಎತ್ತರ, ದಿಕ್ಕು ಎಲ್ಲವನ್ನೂ ಪೈಲಟ್ ಮರಳಿ ಹೇಳಬೇಕು. ಬರೀ ‘ಸರಿ’ ಅಂದರೆ ಕಂಟ್ರೋಲರ್ ಬಿಡುವುದಿಲ್ಲ.

ಎತ್ತರ ತಪ್ಪಿದರೆ ಏನಾಗುತ್ತದೆ ಎನ್ನುವುದನ್ನು 1996ರ ನವೆಂಬರ್ 12 ತೋರಿಸಿತು. ದೆಹಲಿಯಿಂದ ಏರುತ್ತಿದ್ದ ಸೌದಿ ವಿಮಾನಕ್ಕೆ 14,000 ಅಡಿ, ಇಳಿಯುತ್ತಿದ್ದ ಕಝಾಕಿಸ್ತಾನದ ವಿಮಾನಕ್ಕೆ 15,000 ಅಡಿ ಕೊಡಲಾಗಿತ್ತು. ಎರಡನೆಯದು ತನ್ನ ಮಟ್ಟ ಬಿಟ್ಟು ಕೆಳಗಿಳಿಯಿತು. ಚರ್ಖಿ ದಾದ್ರಿಯ ಮೇಲೆ 349 ಜನ ಸತ್ತರು. ಆಗ ದೆಹಲಿಯಲ್ಲಿ ಬಳಕೆಯಲ್ಲಿದ್ದ ಪ್ರಾಥಮಿಕ ರಾಡಾರ್ ದಿಕ್ಕು, ದೂರ ತೋರಿಸುತ್ತಿತ್ತೇ ಹೊರತು ಎತ್ತರವನ್ನಲ್ಲ. ಈಗ ಸೆಕೆಂಡರಿ ರಾಡಾರ್ ಪ್ರಶ್ನೆ ಕಳಿಸುತ್ತದೆ, ವಿಮಾನದ ಟ್ರಾನ್ಸ್‌ಪಾಂಡರ್ ತನ್ನ ನಾಲ್ಕಂಕಿಯ ಕೋಡ್ ಮತ್ತು ಎತ್ತರವನ್ನು ಉತ್ತರಿಸುತ್ತದೆ. ಪರದೆಯ ಚುಕ್ಕೆಯ ಪಕ್ಕದಲ್ಲೇ ಆ ಅಂಕಿ ಕಾಣುತ್ತದೆ.

ನಿಜವಾದ ಪೇಚಾಟ ಏಪ್ರಿಲ್–ಮೇ ತಿಂಗಳ ಮಧ್ಯಾಹ್ನಗಳಲ್ಲಿ. ಗುಡುಗು ಮೋಡದ ಮೇಲೆ ಹಾರಿಹೋಗುವುದು ಸಾಮಾನ್ಯವಾಗಿ ಆಗದ ಮಾತು. ಅದನ್ನು ಬಳಸಿಹೋಗಲು ಪೈಲಟ್ ‘ಎಡಕ್ಕೆ ಹತ್ತು ಮೈಲಿ’ ಕೇಳುತ್ತಾನೆ, ಹಿಂದಿನವನೂ ಅದನ್ನೇ ಕೇಳುತ್ತಾನೆ. ಒಂದೇ ಎತ್ತರದಲ್ಲಿದ್ದರೆ ರಾಡಾರ್‌ನಡಿ ಸಾಮಾನ್ಯವಾಗಿ ಐದು ನಾಟಿಕಲ್ ಮೈಲಿ, ಅಂದರೆ ಒಂಬತ್ತು ಕಿಲೋಮೀಟರ್ ಚಿಲ್ಲರೆ ಅಂತರ ಬೇಕು. ದೂರ ಅನಿಸಬಹುದು, ಆದರೆ ಎದುರುಬದುರಾದ ಎರಡು ಜೆಟ್‌ಗಳಿಗೆ ಅದು 20 ಸೆಕೆಂಡಿನ ದಾರಿ. ಆದ್ದರಿಂದ ಕಂಟ್ರೋಲರ್ ಮೊದಲು ಎತ್ತರ ಬೇರೆ ಮಾಡಿ, ಆಮೇಲೆ ತಿರುಗಲು ಬಿಡುತ್ತಾನೆ.

ಅದೂ ತಪ್ಪಿದರೆ ವಿಮಾನದೊಳಗಿನ, ಡಿಕ್ಕಿ ತಪ್ಪಿಸುವ ಟಿಸಿಎಎಸ್ ಯಂತ್ರ ‘ಏರು’ ಅಥವಾ ‘ಇಳಿ’ ಎಂದು ಕೂಗುತ್ತದೆ. ಕಂಟ್ರೋಲರ್ ಬೇರೆ ಹೇಳಿದ್ದರೂ ಪೈಲಟ್ ಯಂತ್ರದ ಮಾತನ್ನೇ ಕೇಳಬೇಕು. ಅಪಾಯ ಕಳೆಯಿತೆಂದು ಪೈಲಟ್ ತಿಳಿಸುವವರೆಗೆ ಕಂಟ್ರೋಲರ್ ‘ರೋಜರ್’ ಎಂದಷ್ಟೇ ಹೇಳಿ, ಆ ವಿಮಾನದ ದಾರಿ ಬದಲಿಸುವ ಯಾವ ಆದೇಶವನ್ನೂ ಕೊಡುವಂತಿಲ್ಲ.