ಮೊದಲು ಸೋಫಾ ಮಗುಚಿ ನೋಡಿ, ಬಟ್ಟೆ ಆಮೇಲೆ

"ಅಣ್ಣಾ, ಮೂರು ಸೀಟಿನ ಸೋಫಾಗೆ ಬಟ್ಟೆ ಬದಲಿಸೋಕೆ ಎಷ್ಟಾಗುತ್ತೆ?" ನಮ್ಮ ವರ್ಕ್‌ಶಾಪಿಗೆ ಬರುವ ಫೋನ್‌ಗಳು ಹೆಚ್ಚಾಗಿ ಹೀಗೇ ಶುರುವಾಗುತ್ತವೆ. ಸೋಫಾ ಎಲ್ಲಿಂದ ಬಂತು ಅಂತ ಕೇಳಿದರೆ ಉತ್ತರವೂ ಹೆಚ್ಚುಕಡಿಮೆ ಗೊತ್ತಿರುವುದೇ. ದೊಡ್ಡಪ್ಪ ಮನೆ ಖಾಲಿ ಮಾಡಿದರು, ಅತ್ತೆ ಹೊಸದು ತಗೊಂಡರು, ಹಿಂದಿನ ಬಾಡಿಗೆಯವರು ಬಿಟ್ಟು ಹೋದರು. ಮೆರೂನ್ ಬಣ್ಣ, ಮೇಲೆ ಚಿನ್ನದ ಬಣ್ಣದ ಬಳ್ಳಿ, ಕೆಳಗೆ ಸುತ್ತಲೂ ಫ್ರಿಲ್ಲು, ಇಬ್ಬರು ಸೇರಿದರೂ ಎತ್ತಲಾಗದ ಭಾರ. ಬೇಡ ಅನ್ನೋಕೂ ಆಗುವುದಿಲ್ಲ. ಕೊಟ್ಟವರು ಹಬ್ಬಕ್ಕೆ ಬಂದಾಗ "ನಮ್ ಸೋಫಾ ಎಲ್ಲಿ?" ಅಂತ ಕೇಳುತ್ತಾರೆ, ಅಲ್ವಾ?

ನಾನು ಫೋನಿನಲ್ಲಿ ರೇಟು ಹೇಳುವುದಿಲ್ಲ. ಕಣ್ಣಿಗೆ ಹಿಡಿಸದೇ ಇರುವುದು ಬಟ್ಟೆ, ನಿಜ. ಆದರೆ ಸೊಂಟ ನೋಯಿಸುವುದು ಒಳಗಿರುವ ಸಾಮಾನು. ಇರುವ ದುಡ್ಡನ್ನೆಲ್ಲ ಬಟ್ಟೆಗೆ ಹಾಕಿದರೆ ಸ್ವಲ್ಪ ದಿನದಲ್ಲೇ ಅದು ಜೋತು ಬಿದ್ದು ಸುಕ್ಕುಗಟ್ಟುತ್ತದೆ. ಅದನ್ನು ಬಿಗಿಯಾಗಿ ಹಿಡಿಯೋಕೆ ಕೆಳಗೆ ಗಟ್ಟಿಯಾಗಿ ಏನೂ ಇರುವುದಿಲ್ಲ. ದುಡ್ಡು ಕಡಿಮೆ ಇದ್ದಷ್ಟೂ ಅದನ್ನು ಕೆಳಗಿನಿಂದ ಮೇಲಕ್ಕೆ ಖರ್ಚು ಮಾಡಬೇಕು. ಮೊದಲು ಫ್ರೇಮು, ಆಮೇಲೆ ಬೆಲ್ಟು, ಅಂದರೆ ಸೀಟಿನ ಕೆಳಗೆ ಎಳೆದು ಹೊಡೆದಿರುವ ಪಟ್ಟಿ, ಆಮೇಲೆ ಫೋಮು. ಉಳಿದದ್ದು ಬಟ್ಟೆಗೆ.

ಮನೆಯೊಳಗೆ ತರುವ ಮೊದಲೇ ಒಂದು ಕೆಲಸ ಇದೆ. ಕುಷನ್ ಎತ್ತಿ, ಟಾರ್ಚ್ ಹಾಕಿ, ಹೊಲಿಗೆಯ ಸಂದುಗಳನ್ನು ನೋಡಿ. ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳು, ಒಣಗಿದ ಪೊರೆ ಕಂಡರೆ ತಿಗಣೆ ಇದೆ ಅಂತಲೇ ಲೆಕ್ಕ. ತಿಗಣೆ ರಕ್ತ ಕುಡಿಯದೆ ತಿಂಗಳುಗಟ್ಟಲೆ ಬದುಕುತ್ತದೆ. ಸೋಫಾ ಗೋಡೌನಿನಲ್ಲಿ ಸುಮ್ನೆ ಬಿದ್ದಿತ್ತು ಅನ್ನುವುದು ಧೈರ್ಯಕ್ಕೆ ಕಾರಣ ಅಲ್ಲ. ಬಿಸಿಲಿಗೆ ಇಟ್ಟರೆ ಸಾಯುತ್ತವೆ ಅನ್ನುವುದೂ ಅರ್ಧ ನಿಜ. ಮೊಟ್ಟೆ ಸಮೇತ ಸಾಯಬೇಕಾದರೆ ಸುಮಾರು 50 ಡಿಗ್ರಿ ಶಾಖ ಒಳಗಿನ ಮೂಲೆಗೂ ಮುಟ್ಟಿ ಸ್ವಲ್ಪ ಹೊತ್ತು ನಿಲ್ಲಬೇಕು. ಬಿಸಿಲಿನಲ್ಲಿ ಮೇಲಿನ ಬಟ್ಟೆ ಕಾಯುತ್ತದೆ, ಅವು ಒಳಗೆ ಸರಿಯುತ್ತವೆ. ತಿಗಣೆ ಕಂಡರೆ ಮೊದಲು ಪೆಸ್ಟ್ ಕಂಟ್ರೋಲ್. ಬಟ್ಟೆ ಫೋಮು ಎರಡನ್ನೂ ಹೊರಗೇ ಕಿತ್ತು ಹಾಕಿದರೂ ಫ್ರೇಮಿನ ಸಂದುಗಳಲ್ಲಿ ಅವು ಉಳಿದಿರಬಹುದು.

ಈಗ ಫ್ರೇಮು. ಮುಂದಿನ ಒಂದು ಕಾಲನ್ನು ಅರ್ಧ ಅಡಿ ಎತ್ತಿ. ಮುಂದಿನ ಇನ್ನೊಂದು ಕಾಲೂ ಜೊತೆಗೇ ನೆಲ ಬಿಟ್ಟು ಏಳಬೇಕು. ಅದು ನೆಲದಲ್ಲೇ ಉಳಿದು ಸೋಫಾ ತಿರುಚಿಕೊಂಡರೆ ಜೋಡಣೆ ಸಡಿಲವಾಗಿದೆ. ಸೋಫಾದ ಕೈಗಳನ್ನು ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ. ಆಮೇಲೆ ಸೋಫಾವನ್ನು ಮಗುಚಿ, ತಳದ ಕಪ್ಪು ಬಟ್ಟೆ ಬಿಚ್ಚಿ. ಈ ಬಟ್ಟೆ ಬಿಚ್ಚೋಕೆ ಜನ ಯಾಕೋ ಹಿಂಜರಿಯುತ್ತಾರೆ. ಅದು ಧೂಳು ತಡೆಯೋಕೆ ಪಿನ್ ಹೊಡೆದಿರುವ ಬಟ್ಟೆ ಅಷ್ಟೇ, ಮತ್ತೆ ಹೊಡೆಯಬಹುದು. ಒಳಗೆ ಮರದಲ್ಲಿ ಗುಂಡುಸೂಜಿ ತಲೆಯಷ್ಟು ತೂತು, ಕೆಳಗೆ ಹಿಟ್ಟಿನಂಥ ಪುಡಿ ಇದ್ದರೆ ಕುಟ್ಟೆ ಹುಳು. ಮಣ್ಣಿನ ಗೆರೆ ಇದ್ದರೆ ಗೆದ್ದಲು. ಕುಟ್ಟೆ ಒಂದೆರಡು ರೀಪಿನಲ್ಲಿ ಇದ್ದರೆ ಅಷ್ಟನ್ನು ಬದಲಿಸಿ ಔಷಧಿ ಹೊಡೆದು ಉಳಿಸಬಹುದು. ಗೆದ್ದಲು ಎಲ್ಲ ಕಡೆ ಹಬ್ಬಿದ್ದರೆ ಕೊಟ್ಟವರಿಗೆ ಏನು ಹೇಳುವುದು ಅಂತ ಯೋಚನೆ ಮಾಡಿ, ಸೋಫಾ ಬಗ್ಗೆ ಬೇಡ. ಫ್ರೇಮು ಪಾರ್ಟಿಕಲ್ ಬೋರ್ಡಿನದಾಗಿದ್ದು ಸ್ಕ್ರೂ ತೂತುಗಳು ಅಗಲವಾಗಿದ್ದರೂ ಅಷ್ಟೇ. ಅದರಲ್ಲಿ ಮತ್ತೆ ಸ್ಕ್ರೂ ನಿಲ್ಲುವುದಿಲ್ಲ.

ಮರ ಒಳ್ಳೆಯದಾಗಿದ್ದರೆ ಮಾತ್ರ ನಿಮ್ಮ ಅದೃಷ್ಟ. ಹಳೇ ಸೆಟ್‌ಗಳಲ್ಲಿ ತೇಗ, ಹೊನ್ನೆ, ಹಲಸು, ಒಮ್ಮೊಮ್ಮೆ ಬೀಟೆ ಕೂಡ ಸಿಗುತ್ತದೆ. ಕಪ್ಪು ಪಾಲಿಶ್ ಕೆಳಗೆ ಏನಿದೆ ಅಂತ ಕೊಟ್ಟವರಿಗೇ ಗೊತ್ತಿರುವುದಿಲ್ಲ. ಅಂಥ ಫ್ರೇಮನ್ನು ಇವತ್ತು ಹೊಸದಾಗಿ ಮಾಡಿಸಲು ಹೋದರೆ ಮರದ ಬೆಲೆಗೇ ಕೈ ಸುಡುತ್ತದೆ. ಜೋಡಣೆ ಸಡಿಲ ಇದ್ದರೆ ಬಿಚ್ಚಿ, ಹಳೇ ಅಂಟು ಕೆರೆದು, ಹೊಸ ಅಂಟು ಹಾಕಿ, ಒಂದು ರಾತ್ರಿ ಕ್ಲಾಂಪಿನಲ್ಲಿ ಬಿಡಬೇಕು. ಮೇಲಿಂದ ಮೊಳೆ ಹೊಡೆದು ಬಿಗಿ ಮಾಡುವವರನ್ನು ದೂರ ಇಡಿ. ಅಲ್ಲಾಡುವ ಜೋಡಣೆಗೆ ಹೊಡೆದ ಮೊಳೆ ಅಲ್ಲಾಡುತ್ತಲೇ ಇರುತ್ತದೆ, ತೂತನ್ನು ದೊಡ್ಡದು ಮಾಡುತ್ತದೆ.

ಸೀಟು ಕುಸಿದಿದೆ ಅಂದ ಕೂಡಲೇ ಎಲ್ಲರೂ ಫೋಮಿನ ಮೇಲೆ ಅನುಮಾನ ಪಡುತ್ತಾರೆ. ಮನೆಯಲ್ಲೇ ಪರೀಕ್ಷೆ ಮಾಡಿ. ಕುಷನ್ ತೆಗೆದು, ಆ ಜಾಗಕ್ಕೆ ಒಂದು ಪ್ಲೈವುಡ್ ಹಲಗೆ ಇಟ್ಟು, ಮೇಲೆ ಅದೇ ಕುಷನ್ ಹಾಕಿ ಕೂತು ನೋಡಿ. ಚೆನ್ನಾಗಿ ಅನ್ನಿಸಿದರೆ ಫೋಮು ಸರಿ ಇದೆ, ತಪ್ಪು ಕೆಳಗಿನ ಬೆಲ್ಟಿನದು ಅಥವಾ ಸ್ಪ್ರಿಂಗಿನದು. ಹಲಗೆಯೇ ಕುಂಡೆಗೆ ತಾಗಿದರೆ ಫೋಮು ಸತ್ತಿದೆ. ಈ ಒಂದು ಪರೀಕ್ಷೆ ಎಷ್ಟೋ ಮನೆಗಳಲ್ಲಿ ಸಾವಿರಾರು ರೂಪಾಯಿ ಉಳಿಸಿದೆ. ಬೆಲ್ಟು ಅಗ್ಗದ ಸಾಮಾನು. ಎರಡಿಂಚು ಅಗಲದ ಎಲಾಸ್ಟಿಕ್ ಪಟ್ಟಿಯನ್ನು ಎಳೆದು, ಅಡ್ಡಕ್ಕೂ ಉದ್ದಕ್ಕೂ ಚಾಪೆಯ ಹಾಗೆ ಹೆಣೆದು ಹೊಡೆಯುತ್ತಾರೆ. ಜಿಗ್‌ಜಾಗ್ ಸ್ಪ್ರಿಂಗ್ ಇದ್ದರೆ ಬಹಳ ಸಲ ಸ್ಪ್ರಿಂಗ್ ಸರಿಯಾಗೇ ಇರುತ್ತದೆ, ತುದಿಯ ಕ್ಲಿಪ್ ಕಿತ್ತು ಬಂದಿರುತ್ತದೆ. ಕ್ಲಿಪ್ ಬದಲಿಸಿದರೆ ಆಯಿತು. ಪರೀಕ್ಷೆಗೆ ಇಟ್ಟ ಹಲಗೆಯನ್ನೇ ಖಾಯಂ ಬಿಡಬಹುದಾ ಅಂತ ಕೇಳುತ್ತಾರೆ. ಬಾಡಿಗೆ ಮನೆಯಲ್ಲಿ ಒಂದು ವರ್ಷಕ್ಕೆ ನಡೆಯುತ್ತದೆ, ಗಾಳಿ ಆಡಲು ನಾಲ್ಕಾರು ತೂತು ಕೊರೆಸಿ. ಆದರೆ ಕೂತರೆ ಬಸ್ ಸ್ಟ್ಯಾಂಡಿನ ಬೆಂಚು ನೆನಪಾಗುತ್ತದೆ.

ಫೋಮೇ ಬದಲಿಸಬೇಕಾದರೆ ಸ್ವಲ್ಪ ಲೆಕ್ಕ ಗೊತ್ತಿರಲಿ. ಮೋಸ ಜಾಸ್ತಿ ನಡೆಯುವುದು ಇಲ್ಲೇ. ಅಂಗಡಿಯವರು 23, 28, 32, 40 ಡೆನ್ಸಿಟಿ ಅನ್ನುತ್ತಾರೆ. ಒಂದು ಘನ ಮೀಟರ್ ಫೋಮು ಎಷ್ಟು ಕೆಜಿ ತೂಗುತ್ತದೆ ಅನ್ನುವುದೇ ಆ ಅಂಕಿ. ದಿನಾ ಕೂರುವ ಸೀಟಿಗೆ 32 ಸಾಕು. ಮನೆಯಲ್ಲಿ ಭಾರದವರು, ವಯಸ್ಸಾದವರು ಇದ್ದರೆ 40 ಹಾಕಿಸಿ. ಒರಗುವ ಬೆನ್ನಿಗೆ 23 ನಡೆಯುತ್ತದೆ. ಡೆನ್ಸಿಟಿ ಜಾಸ್ತಿ ಅಂದರೆ ಗಟ್ಟಿ ಅಂತಲ್ಲ, ಅದು ಬಾಳಿಕೆಯ ಲೆಕ್ಕ. 40ರಲ್ಲೂ ಮೆತ್ತನೆಯದು ಸಿಗುತ್ತದೆ, 23ರಲ್ಲೂ ಗಟ್ಟಿಯದು ಸಿಗುತ್ತದೆ. ಹಾಗಾಗಿ ಅಂಗಡಿಯಲ್ಲಿ ಒತ್ತಿ ನೋಡಿದರೆ ಡೆನ್ಸಿಟಿ ತಿಳಿಯುವುದಿಲ್ಲ. ತೂಗಿದರೆ ತಿಳಿಯುತ್ತದೆ. 22 ಇಂಚು ಉದ್ದ, 22 ಇಂಚು ಅಗಲ, 4 ಇಂಚು ದಪ್ಪದ ತುಂಡು 32 ಡೆನ್ಸಿಟಿಯದಾದರೆ ಸರಿಸುಮಾರು 1 ಕೆಜಿ ಬರಬೇಕು. 40 ಆದರೆ ಒಂದೂಕಾಲು ಕೆಜಿ. ಮುಕ್ಕಾಲು ಕೆಜಿಗಿಂತ ಕಡಿಮೆ ತೂಗಿದರೆ ಅವರು ಕೊಡುತ್ತಿರುವುದು 23. ಅಡುಗೆಮನೆಯ ತಕ್ಕಡಿಯನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ. ಅಂಗಡಿಯವರು ನಕ್ಕರೆ ನಗಲಿ.

ಬಣ್ಣಬಣ್ಣದ ಚೂರುಗಳನ್ನು ಅಂಟಿಸಿ ಮಾಡಿದ ಫೋಮು ಬರುತ್ತದಲ್ಲ, ಬಾಂಡೆಡ್ ಅಂತ, ಅದು ಕೆಟ್ಟದ್ದಲ್ಲ. ಗಟ್ಟಿ ಇರುತ್ತದೆ. ಕೆಳಗೆ ಒಂದಿಂಚು ಅದು, ಮೇಲೆ ಮೂರಿಂಚು 32 ಹಾಕಿದರೆ ಸೀಟು ಬೇಗ ಕುಸಿಯುವುದಿಲ್ಲ. ಪೂರ್ತಿ ಅದನ್ನೇ ತುಂಬಿಸಿಕೊಟ್ಟರೆ ಮಾತ್ರ ಜಗಳ ಮಾಡಿ. ಫೋಮನ್ನು ಕವರಿಗಿಂತ ಅರ್ಧ ಇಂಚು ದೊಡ್ಡದಾಗಿ ಕತ್ತರಿಸಿ, ಸುತ್ತ ಒಂದು ಪದರ ಹತ್ತಿಯಂಥ ಪಾಲಿಯೆಸ್ಟರ್ ಹಾಳೆ ಸುತ್ತಿದರೆ ಕುಷನ್ ತುಂಬಿಕೊಂಡು ಕಾಣುತ್ತದೆ, ಮೂಲೆಗಳು ಜೋಲುವುದಿಲ್ಲ. ಸೀಟಿನ ಹಳೇ ಫೋಮು ಪುಡಿಯಾಗಿಲ್ಲದಿದ್ದರೆ ಎಸೆಯಬೇಡಿ, ಬೆನ್ನಿನ ದಿಂಬಿಗೆ ಬರುತ್ತದೆ. ಮುಟ್ಟಿದರೆ ಹಳದಿ ಪುಡಿ ಉದುರುತ್ತಿದ್ದರೆ ಅದರ ಆಯಸ್ಸು ಮುಗಿದಿದೆ.

ಇಷ್ಟು ಆದ ಮೇಲೆ ಅಂದ. ಇಲ್ಲಿ ನನ್ನ ಮೊದಲ ಸಲಹೆ ಸೇರಿಸುವುದಲ್ಲ, ಕೀಳುವುದು. ಕೆಳಗಿನ ಫ್ರಿಲ್ಲು, ಹಿತ್ತಾಳೆ ಬಣ್ಣದ ಮೊಳೆಗಳ ಸಾಲು, ಬೆನ್ನಿನ ಮೇಲೆ ಕಿರೀಟದ ಥರ ಅಂಟಿಸಿದ ತುಂಡು, ಕೈಗಳ ಮೇಲೆ ಉಬ್ಬಿಸಿದ ದಿಂಬು, ಇವೆಲ್ಲ ಇಕ್ಕಳ ಹಿಡಿದರೆ ಒಂದು ಮಧ್ಯಾಹ್ನದ ಕೆಲಸ. ಖರ್ಚು ಇಲ್ಲ. ಸೋಫಾದ ಗಾತ್ರವೇ ಕಡಿಮೆಯಾದ ಹಾಗೆ ಕಾಣುತ್ತದೆ. ಫ್ರಿಲ್ಲಿನ ಒಳಗೆ ಎರಡಿಂಚಿನ ಗಿಡ್ಡ ಕಾಲು ಇದ್ದರೆ ಬದಲಿಗೆ ಐದಾರು ಇಂಚಿನ ಮರದ ಕಾಲು ಹಾಕಿಸಿ. ಕೆಳಗೆ ನೆಲ ಕಂಡರೆ ಹಾಲ್ ದೊಡ್ಡದು ಅನ್ನಿಸುತ್ತದೆ, ಪೊರಕೆಯೂ ಹೋಗುತ್ತದೆ. ಕಾಲಿನ ತುದಿಗೆ ರಬ್ಬರ್ ಬುಷ್ ಮರೆಯಬೇಡಿ. ನಮ್ಮ ಮನೆಗಳಲ್ಲಿ ದಿನಾ ನೆಲ ಒರೆಸುತ್ತಾರೆ. ಆ ನೀರು ಕುಡಿದು ಕುಡಿದೇ ಎಷ್ಟೋ ಸೋಫಾಗಳ ಕಾಲು ಕೊಳೆಯುವುದು.

ಮರ ಹೊರಗೆ ಕಾಣುವ ಸೋಫಾ ಆದರೆ ಪೂರ್ತಿ ಉಜ್ಜಿಸುವ ಮೊದಲು ಮರೆಯಲ್ಲಿರುವ ಜಾಗದಲ್ಲಿ ಸ್ಪಿರಿಟ್ ಅದ್ದಿದ ಹತ್ತಿ ಇಟ್ಟು ನೋಡಿ. ಪಾಲಿಶ್ ಕರಗಿ ಅಂಟಂಟಾದರೆ ಅದು ಅರಗಿನ ಫ್ರೆಂಚ್ ಪಾಲಿಶ್. ಅದನ್ನು ಕಿತ್ತು ಹಾಕಬೇಕಿಲ್ಲ, ಲಘುವಾಗಿ ಉಜ್ಜಿ ಮೇಲೆ ಮತ್ತೆ ಹಚ್ಚಿದರೆ ಹಳೆಯದರ ಜೊತೆ ಬೆರೆಯುತ್ತದೆ. ಕರಗದಿದ್ದರೆ 120 ನಂಬರ್ ಉಜ್ಜುವ ಕಾಗದದಿಂದ (ಸ್ಯಾಂಡ್ ಪೇಪರ್) ಶುರು ಮಾಡಿ 220ಕ್ಕೆ ಬರಬೇಕು, ಮರದ ಎಳೆಯ ದಿಕ್ಕಿನಲ್ಲೇ ಉಜ್ಜಬೇಕು. ವೆನೀರ್, ಅಂದರೆ ಮರದ ತೆಳು ಹಾಳೆ, ಅಂಟಿಸಿದ ಜಾಗದಲ್ಲಿ ಜಾಸ್ತಿ ಉಜ್ಜಬೇಡಿ, ಅದು ಕಾಗದದಷ್ಟು ತೆಳ್ಳಗೆ ಇರುತ್ತದೆ.

ಕೊನೆಗೂ ಬಟ್ಟೆ. ಸೋಫಾದ ದೇಹಕ್ಕೆಲ್ಲ ಬಿಗಿಯಾಗಿ ಹೊಡೆಸುವುದಾದರೆ ಮೂರು ಸೀಟಿಗೆ 10ರಿಂದ 12 ಮೀಟರ್ ಹಿಡಿಯುತ್ತದೆ. ಮೀಟರಿಗೆ 400 ರೂಪಾಯಿ ಅಂದರೂ ಬಟ್ಟೆಗೇ 4,000ದಿಂದ 4,800. ಅಷ್ಟು ಇಲ್ಲ ಅಂದರೆ ಬರೀ ಸೀಟಿನ ಕುಷನ್‌ಗಳಿಗೆ ಹೊಲಿಸಿ. ಸೋಫಾ ಬಟ್ಟೆಯ ಅಗಲ ಸಾಮಾನ್ಯವಾಗಿ 54 ಇಂಚು. 22 ಇಂಚಿನ ಕುಷನ್ನಿನ ಮೇಲ್ಭಾಗ, ಕೆಳಭಾಗ ಎರಡೂ ಅಗಲದಲ್ಲಿ ಅಕ್ಕಪಕ್ಕ ಕೂರುತ್ತವೆ. ಹೊಲಿಗೆ ಬಿಟ್ಟು, ಪಕ್ಕದ ಪಟ್ಟಿ ಸೇರಿಸಿದರೂ ಮೂರು ಕುಷನ್‌ಗೆ ಎರಡೂವರೆ ಮೀಟರ್ ಸಾಕು. ಅಂಚಿಗೆ ದುಂಡು ಪಟ್ಟಿ (ಪೈಪಿಂಗ್) ಬೇಕಾದರೆ ಇನ್ನು ಅರ್ಧ ಮೀಟರ್. ಮೆರೂನ್ ದೇಹಕ್ಕೆ ಮಣ್ಣಿನ ಬಣ್ಣದ ಸಾದಾ ಸೀಟು ಕೂರಿಸಿ ನೋಡಿ, ಬಳ್ಳಿಯ ಗಲಾಟೆ ಅರ್ಧ ತಣ್ಣಗಾಗುತ್ತದೆ. ದೊಡ್ಡ ಹೂವು, ಅಗಲ ಗೆರೆ ಇರುವ ಬಟ್ಟೆ ಮಾತ್ರ ಬೇಡ. ಒಂದು ಕುಷನ್ನಿನ ಗೆರೆ ಪಕ್ಕದ್ದಕ್ಕೆ ಕೂಡಿಸಲು ಹೋಗಿ ಬಟ್ಟೆ ವ್ಯರ್ಥವಾಗುತ್ತದೆ. ವೆಲ್ವೆಟ್ ಆದರೆ ಎಲ್ಲ ತುಂಡುಗಳ ನಯ, ಅಂದರೆ ಎಳೆಗಳು ವಾಲುವ ದಿಕ್ಕು, ಒಂದೇ ಕಡೆ ಇರಬೇಕು, ಇಲ್ಲದಿದ್ದರೆ ಒಂದೇ ಥಾನಿನ ಬಟ್ಟೆ ಎರಡು ಬಣ್ಣ ಕಾಣುತ್ತದೆ.

ಲೆದರೆಟ್, ಅಂದರೆ ಕೃತಕ ಚರ್ಮ, ಬೇಕು ಅಂತ ಹಟ ಹಿಡಿಯುವವರಿಗೆ ನಾನು ನೇರವಾಗಿ ಬೇಡ ಅನ್ನುತ್ತೇನೆ. ಪಿಯು (ಪಾಲಿಯುರೆಥೇನ್) ಲೆದರೆಟ್‌ನ ಮೇಲ್ಪದರ ಗಾಳಿಯ ತೇವಕ್ಕೇ ನಿಧಾನವಾಗಿ ಒಡೆದು ಹೋಗುತ್ತದೆ, ಆಮೇಲೆ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. ಮಂಗಳೂರು, ಕಾರವಾರದ ಕಡೆ ಇನ್ನೂ ಬೇಗ. ಬಣ್ಣ ಹಚ್ಚಿ ಉಳಿಸಲು ಆಗುವುದಿಲ್ಲ. ಅದೇ ದುಡ್ಡಿಗೆ ಗಟ್ಟಿ ಕಾಟನ್ ಕ್ಯಾನ್ವಾಸ್ ಬರುತ್ತದೆ. ಕ್ಯಾನ್ವಾಸಿನಲ್ಲಿ ಸಡಿಲ ಕವರು ಹೊಲಿಸಿ ಜಿಪ್ ಹಾಕಿಸಿದರೆ ಒಗೆಯಬಹುದು. ಕತ್ತರಿಸುವ ಮೊದಲು ಇಡೀ ಬಟ್ಟೆಯನ್ನು ಒಮ್ಮೆ ನೀರಿನಲ್ಲಿ ನೆನೆಸಿ ಒಣಗಿಸಿ. ಟೈಲರ್ ಬೇಡ ಅಂದರೂ ಕೇಳಬೇಡಿ. ಹತ್ತಿ ಬಟ್ಟೆ ಮೊದಲ ಒಗೆತಕ್ಕೆ ಕುಗ್ಗಿದರೆ ಜಿಪ್ ಎಳೆಯಲು ಮನೆಮಂದಿಯೆಲ್ಲ ಬೇಕಾಗುತ್ತದೆ.

ಕೌದಿ ಇದ್ದರೆ ಹೊರಗೆ ತೆಗೆಯಿರಿ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೇ ಸೀರೆಗಳನ್ನು ಪದರ ಪದರವಾಗಿ ಇಟ್ಟು ಕೈಯಲ್ಲಿ ಹೊಲಿಯುವ ಕೌದಿಯನ್ನು ಬೆನ್ನಿನಿಂದ ಸೀಟಿನವರೆಗೆ ಇಳಿಬಿಟ್ಟರೆ ಹಳೇ ಬಟ್ಟೆ ಕಾಣುವುದೇ ಇಲ್ಲ. ಅದನ್ನು ಕತ್ತರಿಸಿ ಪಿನ್ ಹೊಡೆಯಬೇಡಿ, ಸುಮ್ನೆ ಹೊದಿಸಿ. ಹಿಂದೆ ಸೋಫಾದ ಬೆನ್ನಿಗೆ ಕ್ರೋಶಾ ತುಂಡು ಹಾಕುತ್ತಿದ್ದರಲ್ಲ, ನಾವೆಲ್ಲ ನಗುತ್ತಿದ್ದೆವು. ಅದು ಬರೀ ಅಲಂಕಾರ ಅಲ್ಲ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚುವ ಮನೆಯಲ್ಲಿ ಸೋಫಾ ಮೊದಲು ಕೊಳೆಯಾಗುವುದು ತಲೆ ತಾಗುವ ಜಾಗದಲ್ಲೇ. ತಿಳಿ ಬಣ್ಣದ ಬಟ್ಟೆ ಆರಿಸಿದ್ದರೆ ಅಲ್ಲಿಗೆ ಒಂದು ತುಂಡು ಬೇಕೇ ಬೇಕು.

ಕೆಲಸಗಾರರಿಗೆ ಒಪ್ಪಿಸುವುದಾದರೆ ಬಟ್ಟೆ, ಫೋಮು, ಬೆಲ್ಟು, ಕೂಲಿ ನಾಲ್ಕಕ್ಕೂ ಬೇರೆ ಬೇರೆ ರೇಟು ಬರೆಸಿಕೊಳ್ಳಿ. ಹಳೇ ಬಟ್ಟೆ ಬಿಚ್ಚುವಾಗ ಎದುರಿಗೇ ಇರಿ. ಹಳೇ ಫೋಮಿನ ಮೇಲೆ ಅರ್ಧ ಇಂಚಿನ ಹಾಳೆ ಅಂಟಿಸಿ "ಹೊಸ ಫೋಮು ಹಾಕಿದ್ದೀವಿ" ಅನ್ನುವುದು ಈ ಕಸುಬಿನ ಹಳೇ ಚಾಳಿ. ಕಿತ್ತ ಫೋಮನ್ನು ವಾಪಸ್ ಕೊಡಿ ಅಂತ ಮೊದಲೇ ಹೇಳಿಬಿಟ್ಟರೆ ಆ ಚಾಳಿಗೆ ಜಾಗ ಇರುವುದಿಲ್ಲ.

ಸೋಫಾ ಗೋಡೆಗೆ ಒರಗಿಯೇ ನಿಲ್ಲುವುದಾದರೆ ಹಿಂಬದಿಗೆ ದುಬಾರಿ ಬಟ್ಟೆ ಯಾಕೆ? ಅದೇ ಬಣ್ಣದ ಅಗ್ಗದ ಬಟ್ಟೆ ಹೊಡೆಸಿ, ಎರಡು ಮೀಟರಿನಷ್ಟು ಉಳಿಯುತ್ತದೆ. ಉಳಿದ ಬಟ್ಟೆಯಲ್ಲಿ ಎರಡು ಕೈಗಳಿಗೂ ತೆಗೆದು ಒಗೆಯುವಂಥ ಟೋಪಿ ಹೊಲಿಸಿ. ಕಾಫಿ ಲೋಟ ಇಡುವುದು, ಮಕ್ಕಳು ಹತ್ತಿ ಕೂರುವುದು, ಬೆಕ್ಕು ಉಗುರು ಕೆರೆಯುವುದು ಎಲ್ಲ ಅಲ್ಲೇ.