ಮೂಗಿನಷ್ಟು ಅಂತರದಲ್ಲಿ ತಪ್ಪಿದ ಜಾಕ್‌ಪಾಟ್: ಈ ಸಂಕಟ ಯಾಕೆ ಬಿಡುವುದಿಲ್ಲ?

ಪ್ರಶ್ನೆ: ಕುಂದಾಪುರ ಕಡೆಯವನು ನಾನು. ಇಪ್ಪತ್ತು ವರ್ಷದಿಂದ ಮುಂಬಯಿಯ ಹೋಟೆಲೊಂದರಲ್ಲಿ ಗಲ್ಲಾದಲ್ಲಿ ಕೂರುತ್ತೇನೆ. ಹೋದ ತಿಂಗಳು ಮಹಾಲಕ್ಷ್ಮಿ ರೇಸ್‌ಕೋರ್ಸಿನಲ್ಲಿ 640 ರೂಪಾಯಿಯ ಜಾಕ್‌ಪಾಟ್, ಅಂದರೆ ಐದು ಕುದುರೆ ರೇಸುಗಳಲ್ಲೂ ಗೆಲ್ಲುವ ಕುದುರೆ ಹೇಳಬೇಕಾದ ಬಾಜಿ, ಆಡಿದ್ದೆ. ನಾಲ್ಕು ರೇಸ್ ಸರಿಯಾಗಿ ಬಂತು. ಐದನೆಯದಕ್ಕೆ ಮನೆಯಿಂದ ಆರನೇ ನಂಬರ್ ಬರೆದುಕೊಂಡು ಹೋಗಿದ್ದವನು, ಟಿಕೆಟ್ ಕಿಟಕಿಯ ಹತ್ತಿರ ಗೆಳೆಯನ ಮಾತು ಕೇಳಿ ಎರಡಕ್ಕೆ ಬದಲಿಸಿದೆ. ಗೆಲುವಿನ ಗೆರೆಯ ಫೋಟೋ ನೋಡಿದಾಗ ಆರು ಗೆದ್ದಿತ್ತು, ಎರಡು ಬರೀ ಮೂಗಿನಷ್ಟು ಹಿಂದೆ. 1,80,000 ರೂಪಾಯಿ ಹೋಯಿತು. ನಾಲ್ಕು ಸರಿ ಬಂದದ್ದಕ್ಕೆ ಕನ್ಸೊಲೇಶನ್ ಅಂತ 1,450 ಬಂತು, ಅಷ್ಟೆ. ರಾತ್ರಿ ನಿದ್ದೆ ಇಲ್ಲ. ಗೆಳೆಯನ ಜತೆ ಮಾತು ಬಿಟ್ಟಿದ್ದೇನೆ. ಇನ್ನು ಒಂದೇ ಒಂದು ಸಲ ಆಡಿ ನೋಡಿ, ಆಮೇಲೆ ಪೂರ್ತಿ ಬಿಟ್ಟುಬಿಡಲೇ?

ಉತ್ತರ: ನಿಮ್ಮ ಪತ್ರ ಓದಿದಾಗ ನನಗೆ ನನ್ನ ಸೋದರಮಾವ ಕಣ್ಣಮುಂದೆ ಬಂದರು. ಮುಂಬಯಿ ಫೋರ್ಟ್‌ನ ಕ್ಯಾಂಟೀನೊಂದರಲ್ಲಿ ಕೆಲಸಕ್ಕಿದ್ದರು. ಹುಡುಗನಾಗಿದ್ದಾಗ ಒಮ್ಮೆ ಅವರ ಜತೆ ಮಹಾಲಕ್ಷ್ಮಿ ಸ್ಟೇಷನ್ನಿನಲ್ಲಿ ಇಳಿದು ರೇಸಿಗೆ ಹೋಗಿದ್ದೆ. ಕುದುರೆಗಳು ಕಂಬ ದಾಟಿದವು, ಫೋಟೋ ಎಂದು ಕೂಗಿದರು, ಅಷ್ಟು ಹೊತ್ತು ಕಿರುಚುತ್ತಿದ್ದ ಜನ ಒಮ್ಮೆಲೇ ಸುಮ್ಮನಾದರು. ಮಾವ ಟಿಕೆಟನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಹೆಬ್ಬೆರಳಿನ ಉಗುರು ಬೆಳ್ಳಗಾಗಿತ್ತು. ನಂಬರ್ ಬೋರ್ಡಿಗೆ ಬಂತು. ಅವರದಲ್ಲ. ವಾಪಸು ಬರುವಾಗ ಲೋಕಲ್‌ನಲ್ಲಿ ಒಂದು ಮಾತೂ ಆಡಲಿಲ್ಲ. ಆದರೆ ಆ ಕುದುರೆಯ ಕಥೆಯನ್ನು ಆಮೇಲೆ ಹತ್ತು ವರ್ಷ ಹೇಳಿದರು. ಸಾರಾಸಗಟು ಸೋತ ನೂರಾರು ರೇಸುಗಳಲ್ಲಿ ಒಂದೂ ಅವರಿಗೆ ನೆನಪಿರಲಿಲ್ಲ.

ಇದು ಮಾವನ ದೌರ್ಬಲ್ಯವಲ್ಲ, ನಿಮ್ಮದೂ ಅಲ್ಲ. ಕೂದಲೆಳೆಯಲ್ಲಿ ತಪ್ಪಿದ್ದು ಮನಸ್ಸಿಗೆ ನಡೆದೇಹೋದ ಸಂಗತಿಯಂತೆ ಕಾಣುತ್ತದೆ. ‘ಆರು ಅಂತಲೇ ಬಿಟ್ಟಿದ್ದರೆ’ ಎಂದು ಒಂದೇ ಒಂದು ಅಂಕಿ ತಿದ್ದಿದರೆ ಸಾಕು, ಇಡೀ ಚಿತ್ರ ಬೇರೆಯಾಗುತ್ತದೆ. ಐದಕ್ಕೆ ಐದೂ ತಪ್ಪಿದ್ದರೆ ತಿದ್ದುವುದಕ್ಕೆ ಏನೂ ಇರುತ್ತಿರಲಿಲ್ಲ, ನೀವು ಚೆನ್ನಾಗಿ ನಿದ್ದೆ ಮಾಡುತ್ತಿದ್ದಿರಿ. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನ ವಿಡಿಯೋಗಳನ್ನು ಅಮೆರಿಕದ ಮನಶ್ಶಾಸ್ತ್ರಜ್ಞರು ಪರಿಶೀಲಿಸಿದಾಗ, ಬೆಳ್ಳಿ ಗೆದ್ದವರಿಗಿಂತ ಕಂಚು ಗೆದ್ದವರ ಮುಖದಲ್ಲೇ ಹೆಚ್ಚು ಸಂತೋಷ ಕಂಡಿತ್ತು. ಬೆಳ್ಳಿಯವರು ತಪ್ಪಿದ ಚಿನ್ನವನ್ನು ನೋಡುತ್ತಾರೆ, ಕಂಚಿನವರು ಕೈಗೆ ಬಂದ ಪದಕವನ್ನು. ನೀವು ಆ ದಿನ 640 ಕೊಟ್ಟು 1,450 ಪಡೆದಿರಿ, ಅಂದರೆ 810 ರೂಪಾಯಿ ಲಾಭದಲ್ಲಿ ಮನೆಗೆ ಹೋದಿರಿ. ಇಡೀ ಪತ್ರದಲ್ಲಿ ಅದಕ್ಕೆ ಸಿಕ್ಕಿದ್ದು ‘ಅಷ್ಟೆ’ ಎಂಬ ಒಂದು ಶಬ್ದ.

‘1,80,000 ಹೋಯಿತು’ ಎಂದು ಬರೆದಿದ್ದೀರಿ. ಗಲ್ಲಾದಲ್ಲಿ ಕೂರುವವರು ನೀವು, ಲೆಕ್ಕ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಪೆಟ್ಟಿಗೆಗೆ ಬಾರದ ದುಡ್ಡನ್ನು ಖರ್ಚಿಗೆ ಬರೆಯುತ್ತೀರಾ? ಅದೂ ಅಲ್ಲದೆ ಅಷ್ಟು ಮೊತ್ತ ನಿಮಗೆ ಬರುತ್ತಲೂ ಇರಲಿಲ್ಲ. ಟೋಟ್‌ನಲ್ಲಿ, ಅಂದರೆ ರೇಸ್ ಕ್ಲಬ್ ನಡೆಸುವ ಬಾಜಿಯಲ್ಲಿ, ಎಲ್ಲರ ದುಡ್ಡೂ ಒಂದೇ ಕಡೆ ಸೇರುತ್ತದೆ. ಕ್ಲಬ್ಬಿನ ಪಾಲು, ತೆರಿಗೆ ತೆಗೆದು ಉಳಿದದ್ದನ್ನು ಗೆದ್ದ ಟಿಕೆಟ್‌ಗಳಿಗೆ ಹಂಚುತ್ತಾರೆ. ನಿಮ್ಮದೂ ಗೆದ್ದಿದ್ದರೆ ಹಂಚಿಕೆಗೆ ಇನ್ನೊಂದು ಕೈ ಸೇರುತ್ತಿತ್ತು, ಒಂದೊಂದು ಟಿಕೆಟ್‌ಗೆ ಸಿಗುವ ಪಾಲು, ಅಂದರೆ ಡಿವಿಡೆಂಡ್, ಇಳಿಯುತ್ತಿತ್ತು. ರೇಸಿನ ಗೆಲುವು 10,000 ಮೀರಿದರೆ ಶೇಕಡಾ 30 ತೆರಿಗೆಯನ್ನು ಮೊದಲೇ ಹಿಡಿದುಕೊಳ್ಳುತ್ತಾರೆ. 1,80,000 ಪೂರ್ತಿ ಬಂತೆಂದೇ ಇಟ್ಟುಕೊಳ್ಳಿ, ಕೈಗೆ ಸಿಗುತ್ತಿದ್ದದ್ದು 1,26,000. ರಾತ್ರಿ ನೀವು ಎಣಿಸುತ್ತಿರುವ ಮೊತ್ತ ಆ ಭಾನುವಾರ ಎಲ್ಲಿಯೂ ಇರಲಿಲ್ಲ.

ಇನ್ನು ಗೆಳೆಯನ ವಿಷಯ. ಇದೇ ನನಗೆ ಹೆಚ್ಚು ನೋವು ಕೊಟ್ಟದ್ದು. ಎರಡನೇ ನಂಬರ್ ಕೊನೆಯಲ್ಲಿ ಕುಂಟಿಕೊಂಡು ಬಂದಿದ್ದರೆ ಅವರ ಮಾತು ಪೊಳ್ಳು ಎನ್ನಬಹುದಿತ್ತು. ಆದರೆ ಅದು ಬಂದದ್ದು ಮೂಗಿನ ಅಂತರದಲ್ಲಿ. ಸಾವಿರಕ್ಕೂ ಹೆಚ್ಚು ಮೀಟರ್ ಓಡಿದ ಮೇಲೆ ಎರಡು ಕುದುರೆಗಳ ನಡುವೆ ಉಳಿದದ್ದು ಅಷ್ಟೇ. ಅಂದರೆ ಅವರು ಹೇಳಿದ್ದೂ ಒಳ್ಳೆಯ ಕುದುರೆಯೇ. ನೀವು ಮನೆಯಲ್ಲಿ ಬರೆದದ್ದು ಜಾಣತನ, ಕಿಟಕಿಯಲ್ಲಿ ಬದಲಿಸಿದ್ದು ಮೂರ್ಖತನ ಎಂದು ಆ ಮೂಗು ತೀರ್ಪು ಕೊಡಲಾರದು. ಇವತ್ತು ಸಂಜೆ ಹೋಟೆಲ್ ಬಾಗಿಲು ಹಾಕಿದ ಮೇಲೆ ಅವರಿಗೊಂದು ಫೋನ್ ಮಾಡಿ. ರೇಸಿನ ಮಾತು ಎತ್ತಬೇಡಿ, ಊಟ ಆಯಿತಾ ಎಂದು ಕೇಳಿ.

‘ನಾಲ್ಕು ಬಂತಲ್ಲ, ಇನ್ನೇನು ಹತ್ತಿರ ಬಂದಿದ್ದೇನೆ’ ಎಂಬ ಭಾವ ನಿಮ್ಮೊಳಗಿದೆ. ಪತ್ರದ ಕೊನೆಯ ಸಾಲಿನಲ್ಲಿ ಅದು ಕಾಣುತ್ತದೆ. ಕಾಗದ ಪೆನ್ನು ತೆಗೆದುಕೊಳ್ಳಿ. ಐದು ರೇಸ್, ಒಂದೊಂದರಲ್ಲೂ ಹತ್ತು ಕುದುರೆ ಎಂದರೆ ಒಟ್ಟು ಒಂದು ಲಕ್ಷ ಜೋಡಣೆಗಳು. ಅದರಲ್ಲಿ ಐದೂ ಸರಿ ಇರುವುದು ಒಂದು. ಸರಿಯಾಗಿ ಒಂದೇ ರೇಸ್ ತಪ್ಪಿರುವುದು? ತಪ್ಪುವ ರೇಸ್ ಐದರಲ್ಲಿ ಯಾವುದೂ ಆಗಬಹುದು, ಅಲ್ಲಿ ತಪ್ಪು ಕುದುರೆಗಳು ಒಂಬತ್ತು, ಐದೊಂಬತ್ಲೆ ನಲವತ್ತೈದು. ಗೆಲ್ಲುವ ಒಂದು ಜೋಡಣೆಗೆ ‘ಸ್ವಲ್ಪದರಲ್ಲಿ ತಪ್ಪಿದ’ 45 ಜೋಡಣೆಗಳು. ಈ ಆಟ ಹಾಗೆಯೇ ಕಟ್ಟಿದ್ದು. ಸ್ವಲ್ಪದರಲ್ಲಿ ತಪ್ಪುವುದು ಗೆಲುವಿನ ಹಿಂದಿನ ಮೆಟ್ಟಿಲಲ್ಲ, ಮುಂದಿನ ಭಾನುವಾರ ಮತ್ತೆ ಮೊದಲ ರೇಸಿನಿಂದಲೇ ಶುರು.

ಕೇಂಬ್ರಿಜ್‌ನಲ್ಲಿ ಲ್ಯೂಕ್ ಕ್ಲಾರ್ಕ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ಬಹಳ ಮುಖ್ಯವೆನಿಸುತ್ತದೆ. ಚಕ್ರ ತಿರುಗಿ ಚಿತ್ರಗಳು ಹೊಂದಿದರೆ ದುಡ್ಡು ಸಿಗುವ ಸ್ಲಾಟ್ ಮಷಿನ್‌ನಂಥ ಆಟದಲ್ಲಿ ಸ್ವಲ್ಪದರಲ್ಲಿ ಸೋತಾಗ ಆಡುವವರಿಗೆ ಪೂರ್ತಿ ಸೋತದ್ದಕ್ಕಿಂತ ಹೆಚ್ಚು ಬೇಸರವಾಯಿತು. ಆದರೂ ಮತ್ತೆ ಆಡುವ ಆಸೆ ಏರಿತು, ಅದೂ ಚಿತ್ರವನ್ನು ತಾವೇ ಆರಿಸಿದ್ದಾಗ. ಗೆದ್ದಾಗ ಚುರುಕಾಗುವ ಮೆದುಳಿನ ಕೆಲವು ಭಾಗಗಳು ಆಗಲೂ ಚುರುಕಾಗಿದ್ದವು. ಆರೋ ಎರಡೋ ಎಂದು ಕೊನೆಗೆ ಆರಿಸಿದವರು ನೀವೇ ಆದ್ದರಿಂದ ಸಂಕಟವೂ ಸೆಳೆತವೂ ಒಟ್ಟೊಟ್ಟಿಗೇ ಬರುತ್ತಿವೆ.

ಹಾಗಾಗಿ ‘ಒಂದೇ ಒಂದು ಸಲ’ ಬೇಡ. ಕಳೆದದ್ದನ್ನು ಮರಳಿ ಪಡೆಯಲು ಮತ್ತೆ ಆಡುವುದನ್ನು ವೈದ್ಯರು ಜೂಜಿನ ಕಾಯಿಲೆಯ ಲಕ್ಷಣಗಳಲ್ಲೊಂದಾಗಿ ನೋಡುತ್ತಾರೆ, ನಿಮ್ಮ ವಿಷಯದಲ್ಲಿ ಕಳೆದದ್ದೂ ಇಲ್ಲ. ಮಹಾಲಕ್ಷ್ಮಿಯ ಸೀಸನ್ ಚಳಿಗಾಲದ್ದು, ಮಳೆಗಾಲಕ್ಕೆ ಕುದುರೆಗಳು ಪುಣೆಗೆ ಹೋಗುತ್ತವೆ. ಈ ಸೀಸನ್ ಮುಗಿಯುವ ತನಕ ಭಾನುವಾರ ಮಧ್ಯಾಹ್ನದ ಪಾಳಿಯನ್ನು ನೀವೇ ಕೇಳಿ ಹಾಕಿಸಿಕೊಳ್ಳಿ. ರೇಸ್ ಪುಸ್ತಕ ಕೊಳ್ಳಬೇಡಿ. ಊರಲ್ಲಿರುವ ಹೆಂಡತಿಗೋ ಅಣ್ಣನಿಗೋ ನಡೆದದ್ದನ್ನು ಒಮ್ಮೆ ಪೂರ್ತಿ ಹೇಳಿ, 640 ಮತ್ತು 1,450 ಎಂಬ ಅಂಕಿಗಳ ಸಮೇತ.

ಚೀಟಿಯ ದುಡ್ಡೋ ಧನಿಗಳ ಅಡ್ವಾನ್ಸೋ ಈಗಾಗಲೇ ರೇಸಿಗೆ ಹೋಗಿದ್ದರೆ, ಅಥವಾ ಇನ್ನೂ ಎರಡು ವಾರ ನಿದ್ದೆ ಬಾರದಿದ್ದರೆ, 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ, ದಿನದ 24 ಗಂಟೆಯೂ ಇರುತ್ತದೆ. ಹೋಟೆಲ್ ಮುಚ್ಚಿ, ಲೆಕ್ಕ ಮುಗಿಸಿ, ರಾತ್ರಿ ಹನ್ನೆರಡೂವರೆಗೆ ಮಾಡಿದರೂ ಎತ್ತುತ್ತಾರೆ.