ಗುಲಾಬಿ ಹುಟ್ಟಿನಿಂದ ಬಂದದ್ದಲ್ಲ

ಹೆಣ್ಣುಮಕ್ಕಳಿಗೆ ಗುಲಾಬಿ ಬಣ್ಣದ ಒಲವು ಹುಟ್ಟಿನಿಂದಲೇ ಬರುತ್ತದೆ ಎಂದು ಓದಿದವರೂ ನಂಬುತ್ತಾರೆ. ಅದಕ್ಕೆ ವಿಕಾಸವಾದದ ಸಮರ್ಥನೆ ಬೇರೆ: ಆದಿಕಾಲದ ಹೆಂಗಸರು ಕಾಡಿನಲ್ಲಿ ಕೆಂಪು ಹಣ್ಣು ಆರಿಸುತ್ತಿದ್ದರಂತೆ, ಅದರಿಂದ ಅವರ ಕಣ್ಣು ಆ ಬಣ್ಣಕ್ಕೆ ಒಲಿಯಿತಂತೆ. ಅಮೆರಿಕದ ಬಟ್ಟೆ ವ್ಯಾಪಾರದ ಚರಿತ್ರೆ ತೆರೆದರೆ ಈ ಕಥೆ ನಿಲ್ಲುವುದಿಲ್ಲ.

1884ರ ಫೋಟೋ ಒಂದರಲ್ಲಿ ಎರಡೂವರೆ ವರ್ಷದ ಮಗು ಬಿಳಿ ಲಂಗ ತೊಟ್ಟು, ಉದ್ದ ಕೂದಲು ಬಿಟ್ಟುಕೊಂಡು, ಗರಿಯ ಟೋಪಿ ಹಿಡಿದು ಕುಳಿತಿದೆ. ಆ ಮಗುವೇ ಮುಂದೆ ಅಮೆರಿಕದ ಅಧ್ಯಕ್ಷರಾದ ಫ್ರಾಂಕ್ಲಿನ್ ರೂಸ್‌ವೆಲ್ಟ್. ಆಗ ಪುಟ್ಟ ಮಕ್ಕಳೆಲ್ಲರಿಗೂ, ಗಂಡಾಗಲಿ ಹೆಣ್ಣಾಗಲಿ, ಅದೇ ಉಡುಪು. ಬಿಳಿ ಹತ್ತಿಬಟ್ಟೆಯನ್ನು ಕುದಿಸಿ ಒಗೆದರೆ ಬಣ್ಣ ಹೋಗುವ ಭಯವಿರಲಿಲ್ಲ. ಅಣ್ಣನ ಲಂಗ ತಂಗಿಗೂ ಆಗುತ್ತಿತ್ತು.

1918ರಲ್ಲಿ ಅಲ್ಲಿನ ಬಟ್ಟೆ ವ್ಯಾಪಾರದ ಪತ್ರಿಕೆಯೊಂದು, ಗುಲಾಬಿ ಗಟ್ಟಿ ಬಣ್ಣ, ಆದ್ದರಿಂದ ಗಂಡಿಗೆ; ನೀಲಿ ನಾಜೂಕು, ಆದ್ದರಿಂದ ಹೆಣ್ಣಿಗೆ ಎಂದು ಬರೆಯಿತು. ಎಲ್ಲರೂ ಅದನ್ನು ಒಪ್ಪಿದ್ದರು ಎಂದಲ್ಲ. 1927ರಲ್ಲಿ 'ಟೈಮ್' ಪತ್ರಿಕೆ ದೊಡ್ಡ ಅಂಗಡಿಗಳ ಅಭಿಪ್ರಾಯವನ್ನು ಪಟ್ಟಿ ಮಾಡಿದಾಗ ಒಂದೊಂದು ಊರು ಒಂದೊಂದು ಮಾತು ಹೇಳಿತ್ತು. ಹೆಣ್ಣಿಗೆ ಗುಲಾಬಿ, ಗಂಡಿಗೆ ನೀಲಿ ಎಂಬ ಈಗಿನ ಕಟ್ಟಳೆ ಬೇರೂರಿದ್ದು ಎರಡನೆಯ ಮಹಾಯುದ್ಧದ ನಂತರ. 1980ರ ದಶಕದಲ್ಲಿ ಸ್ಕ್ಯಾನಿಂಗ್ ಬಂದು ಮಗು ಗಂಡೋ ಹೆಣ್ಣೋ ಎಂದು ಮೊದಲೇ ತಿಳಿಯತೊಡಗಿದಾಗ ಅಲ್ಲಿ ಅದು ಇನ್ನಷ್ಟು ಬಿಗಿಯಾಯಿತು. ಎರಡನೆಯ ಮಗುವಿಗೆ ಹೊಸ ಬಟ್ಟೆ ಕೊಳ್ಳಬೇಕಾದರೆ ಲಾಭ ಯಾರಿಗೆಂದು ಹೇಳಬೇಕಿಲ್ಲ.

ಹಾಗಾದರೆ ಮೂರು ವರ್ಷದ ಹುಡುಗಿ ಗುಲಾಬಿ ಫ್ರಾಕೇ ಬೇಕೆಂದು ಹಟ ಹಿಡಿಯುವುದೇಕೆ? ನನಗೆ ಅತ್ಯಂತ ಸೊಗಸೆನಿಸುವ ಸಂಗತಿ ಇಲ್ಲಿದೆ. ಆ ವಯಸ್ಸಿನ ಮಗುವಿಗೆ ತಾನು ಹುಡುಗಿ ಎಂದು ಗೊತ್ತು. ಆದರೆ ಅದು ಬದಲಾಗುವುದಿಲ್ಲ ಎಂಬುದು ಇನ್ನೂ ಖಚಿತವಿಲ್ಲ. ಕೂದಲು ಕತ್ತರಿಸಿ ಚಡ್ಡಿ ಹಾಕಿದರೆ ಹುಡುಗಿ ಹುಡುಗನಾಗುತ್ತಾಳೆ ಎಂದೇ ಅನೇಕ ಮಕ್ಕಳು ಹೇಳುತ್ತಾರೆ. ಅಂಥ ಮನಸ್ಸಿಗೆ ಬಣ್ಣವೆಂದರೆ ಶಾಲೆಯ ಸಮವಸ್ತ್ರವಿದ್ದಂತೆ: ತಾನು ಯಾರ ಗುಂಪಿನವಳೆಂದು ಎಲ್ಲರಿಗೂ ತೋರಿಸುತ್ತದೆ. 2011ರ ಅಧ್ಯಯನವೊಂದರಲ್ಲಿ ಒಂದು ವರ್ಷದ ಹುಡುಗಿಯರು ಗುಲಾಬಿ ವಸ್ತುವಿಗೆ ವಿಶೇಷ ಒಲವು ತೋರಲಿಲ್ಲ. ಎರಡೂವರೆ ವರ್ಷದ ಹೊತ್ತಿಗೆ ಅದನ್ನೇ ಹೆಚ್ಚಾಗಿ ಆರಿಸತೊಡಗಿದರು. ಹುಡುಗರು ಅದನ್ನು ದೂರವಿಡುತ್ತ ಹೋದರು.

2021ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನ ಪೆರು, ಪೆಸಿಫಿಕ್ ಸಾಗರದ ದ್ವೀಪದೇಶ ವನುವಾಟು ಮತ್ತು ಆಫ್ರಿಕಾದ ಕಾಂಗೋದ ಸಣ್ಣ ಸಮುದಾಯಗಳ ಮಕ್ಕಳನ್ನು ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದ ಮಕ್ಕಳೊಂದಿಗೆ ಹೋಲಿಸಿತು. ನಗರದ ಹುಡುಗಿಯರು ಹುಡುಗರಿಗಿಂತ ಹೆಚ್ಚಾಗಿ ಗುಲಾಬಿಯನ್ನು ಆರಿಸಿದರು. ಉಳಿದ ಮೂರು ಕಡೆ ಆ ವ್ಯತ್ಯಾಸ ಕಾಣಲಿಲ್ಲ. ಕಾಂಗೋದ ಆ ಮಕ್ಕಳು ಬಯಾಕಾ ಜನರವರು; ಅವರು ಇಂದಿಗೂ ಕಾಡಿನಲ್ಲಿ ಬೇಟೆಯಾಡಿ, ಆಹಾರ ಆಯ್ದು ಬದುಕುವವರು.